ಮೇಷ್ಟ್ರ ಹಸಿ ಚಿತ್ರ

ಬೆಕ್ಕಿನ ಫೋಟೋ ತೆಗೆಯುವವನು ಮೊದಲು ತನ್ನ ಮಾನ ಬಿಡಬೇಕು ಎಂದು ಅವನಿಗೆ ಗೊತ್ತಾಗಿ ಮೂರು ವಾರವಾಗಿತ್ತು. ನಿಂತು ತೆಗೆದರೆ ಬೆಕ್ಕು ಯಾರೋ ಬಿಚ್ಚಿ ಎಸೆದ ಕಾಲುಚೀಲದ ಹಾಗೆ ಕಾಣುತ್ತದೆ. ಕೂತು ತೆಗೆದರೆ ಬರೀ ಕಿವಿ. ಹೊಟ್ಟೆಯ ಮೇಲೆ ಮಲಗಿ, ಗದ್ದವನ್ನು ನೆಲಕ್ಕೆ ಒತ್ತಿ, ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಮಾತ್ರ ಅದು ಬೆಕ್ಕಾಗುತ್ತದೆ. ಹೀಗಾಗಿ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ, ಕೆಲಸಕ್ಕೆಂದು ಹಾಕಿಕೊಂಡ ಇಸ್ತ್ರಿಯ ಅಂಗಿಯಲ್ಲೇ, ಅವನು ಊಟದ ಮೇಜಿನ ಕೆಳಗೆ ಮಲಗಿದ್ದ. ಕಿಟಕಿಯ ಬೆಳಕು ನೆಲದ ಮೇಲೆ ಓರೆಯಾಗಿ ಬಿದ್ದಿತ್ತು. ಆ ಬೆಳಕಿನ ಪಟ್ಟಿಗೆ ಒಂದು ಗೇಣು ಈಚೆ, ಬೇಕೆಂದೇ ನೆರಳು ಹುಡುಕಿಕೊಂಡು, ಮೇಷ್ಟ್ರು ಕೂತಿದ್ದರು. ಬೂದು ಮೈ, ಎದೆಯ ಮೇಲೆ ಅಂಗೈಯಷ್ಟು ಬಿಳಿ, ಯಾರ ಉತ್ತರಪತ್ರಿಕೆಯನ್ನೂ ನಂಬದ ಮುಖ. ಆ ಮುಖ ನೋಡಿಯೇ ಹೆಂಡತಿ ಆ ಹೆಸರಿಟ್ಟದ್ದು. ಹೆಸರಿನ ಜೊತೆ ಬಹುವಚನವೂ ತಾನಾಗಿ ಬಂದುಬಿಟ್ಟಿತ್ತು; ಮನೆಯಲ್ಲಿ ಮತ್ಯಾರಿಗೂ ಸಿಗದ ಮರ್ಯಾದೆ ಬೆಕ್ಕಿಗೆ ಸಿಗುತ್ತಿತ್ತು.

ಕರೆಯಬಾರದು, ಕರೆದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಹತ್ತಿರ ಹೋಗಬಾರದು, ಅದೇ ಬರಲಿ ಎಂದು ಕಾಯಬೇಕು. ಕಣ್ಣು ಸ್ಪಷ್ಟವಾಗಿದ್ದರೆ ಬಾಲ ಮಸುಕಾದರೂ ಚಿಂತೆಯಿಲ್ಲ. ಫ್ಲ್ಯಾಶ್ ಹಾಕಬಾರದು. ಈ ಕೊನೆಯ ನಿಯಮವನ್ನು ಅವನು ಉಳಿದವುಗಳಿಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಫ್ಲ್ಯಾಶ್ ಬೆಕ್ಕಿನ ಕಣ್ಣಿಗೆ ಒಳ್ಳೆಯದಲ್ಲ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಪಕ್ಕದ ಮನೆಯವರಿಗೆ ಹೇಳಿದ್ದ, ಹೆಂಡತಿಗೆ ಎರಡು ಸಲ ಹೇಳಿದ್ದ, ಒಮ್ಮೆ ಸ್ನಾನದ ಮನೆಯಲ್ಲಿ ಒಬ್ಬನೇ ಇದ್ದಾಗಲೂ ಗಟ್ಟಿಯಾಗಿ ಹೇಳಿಕೊಂಡಿದ್ದ.

"ಅಪ್ಪಾ, ಮೇಷ್ಟ್ರು ಎಲ್ಲಿ?" ನಾಲ್ಕು ವರ್ಷದ ಮಗಳು ಚುಕ್ಕಿ ಹಾಲಿನ ಲೋಟ ಹಿಡಿದು ಬಂದು ನಿಂತಳು. ಮೇಜಿನ ಕೆಳಗಿನಿಂದ ಅವನಿಗೆ ಅವಳ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಮೇಷ್ಟ್ರು ಎದ್ದರು, ಮೈ ಮುರಿದರು, ನೇರವಾಗಿ ಅವಳ ಎಡಗಾಲಿನ ಕಡೆ ನಡೆದರು. ಇನ್ನೇನು ಬೆಳಕಿನ ಪಟ್ಟಿಗೆ ಬರುತ್ತಾರೆ ಎಂದು ಅವನು ಉಸಿರು ಹಿಡಿದ. "ಇಲ್ಲೇ ಇದಾರಲ್ಲ, ನಿನ್ನ ಪಕ್ಕದಲ್ಲೇ," ಎನ್ನುವಷ್ಟರಲ್ಲಿ ಬೆಕ್ಕು ಅವಳ ಕಾಲಿಗೆ ಮೈ ಉಜ್ಜಿತು, ಅವಳು ಕಿಟಾರನೆ ಕಿರುಚಿದಳು, ಲೋಟ ಬಿತ್ತು, ಹಾಲು ಮೇಜಿನ ಕೆಳಗೆ ಹರಿದು ಅವನ ಮೊಣಕೈಯ ತನಕ ಬಂತು.

"ಪುಕ್ಕಲಿ ನನ್ಮಗಳು," ಎಂದು ಅವನು ನಗುತ್ತಾ ಹೊರಗೆ ತೆವಳಿದ. "ಎಂಟು ತಿಂಗಳಿಂದ ಮನೇಲಿರೋ ಬೆಕ್ಕಿಗೆ ಹೆದರ್ತಾಳೆ ನೋಡು."

ಹೆಂಡತಿ ಒರೆಸುವ ಬಟ್ಟೆ ತಂದಳು. ನಗಲಿಲ್ಲ. "ಮಿಸ್ಸು ನಿನ್ನೆನೂ ಹೇಳಿದ್ರು ರೀ. ಬಾಗಿಲ ಚೌಕಟ್ಟಿಗೆ ಎಡ ಭುಜ ಬಡ್ಕೊಂಡ್ಳಂತೆ. ಮೊನ್ನೆನೂ ಅದೇ ಭುಜ."

"ಮಕ್ಕಳು ಅಂದ್ಮೇಲೆ ಬೀಳ್ತಾವೆ."

"ಬಿದ್ದಿದ್ದಲ್ಲ, ಬಡ್ಕೊಂಡಿದ್ದು," ಎಂದಳು ಅವಳು, ಹಾಲು ಒರೆಸುತ್ತಾ. ಅವಳ ಸ್ವಭಾವವೇ ಹಾಗೆ. ಲಾಂಡ್ರಿಯ ಕೌಂಟರಿನಲ್ಲಿ ಆರು ವರ್ಷ ನಿಂತವಳು. ಗಿರಾಕಿ ಬಟ್ಟೆ ಕೊಟ್ಟ ಕೂಡಲೇ ಅದನ್ನು ಬೆಳಕಿಗೆ ಹಿಡಿದು, ಕಲೆಯಿದ್ದಲ್ಲಿ ಬೆರಳಿಟ್ಟು, "ನೋಡಿ, ಇದು ಮೊದಲೇ ಇದೆ," ಎಂದು ತೋರಿಸಿ, ಚೀಟಿಯಲ್ಲಿ ಬರೆದುಕೊಂಡ ಮೇಲೆಯೇ ಒಳಗೆ ಹಾಕಬೇಕು. ಇಲ್ಲದಿದ್ದರೆ ನಾಳೆ ತಪ್ಪು ತನ್ನ ತಲೆಗೆ ಬರುತ್ತದೆ ಎಂದು ಅವಳು ಮದುವೆಯಾದ ಹೊಸದರಲ್ಲಿ ಅವನಿಗೆ ವಿವರಿಸಿದ್ದಳು. ಅವನು ಆಗ ನಕ್ಕಿದ್ದ. "ನಮ್ಮ ಫೋಟೋ ಸ್ಟುಡಿಯೋದಲ್ಲಿ ಉಲ್ಟಾ ಕಣೇ. ಗಿರಾಕಿ ನೋಡೋದ್ರೊಳಗೆ ಕಲೆ ಇರಬಾರದು." ಇಬ್ಬರೂ ಕಲೆ ಹುಡುಕುವವರೇ, ಒಳ್ಳೆ ಜೋಡಿ ಎಂದು ಆ ದಿನ ಹೇಳಿಕೊಂಡು ನಕ್ಕದ್ದು ಈಗ ಹಾಲು ಮೆತ್ತಿದ ಅಂಗಿ ಬದಲಾಯಿಸುವಾಗ ಸುಮ್ಮನೆ ನೆನಪಾಯಿತು. ಗುಂಡಿ ಹಾಕಿಕೊಳ್ಳುವಾಗ ಒಂದು ಗುಂಡಿ ತಪ್ಪಿಹೋಯಿತು.

ಸ್ಟುಡಿಯೋದಲ್ಲಿ ಅವನ ಜಾಗ ಹಿಂದಿನ ಕೋಣೆ. ಹನ್ನೊಂದು ವರ್ಷ ಅದೇ ಸ್ಟೂಲು, ಕಂಪ್ಯೂಟರ್ ಮಾತ್ರ ಮೂರು ಸಲ ಬದಲಾಗಿತ್ತು. ಮುಂದಿನ ಕೋಣೆಯಲ್ಲಿ ಜನರನ್ನು ನಗಿಸಿ, ಗದ್ದ ಎತ್ತಿಸಿ ತೆಗೆದ ಫೋಟೋಗಳು ಇವನ ಬಳಿ ಬಂದು ಬೀಳುತ್ತಿದ್ದವು. ಮೊಡವೆ ಅಳಿಸುವುದು, ಬೆವರು ಒರೆಸುವುದು, ಹೊಟ್ಟೆ ಸ್ವಲ್ಪ ಒಳಗೆ ತಳ್ಳುವುದು. ಆದರೆ ಅವನಿಗೆ ಹೆಸರಿದ್ದದ್ದು ಕಣ್ಣಿನ ಕೆಲಸಕ್ಕೆ. ಶಾಲೆಯ ಗುಂಪು ಫೋಟೋದಲ್ಲಿ ನಲವತ್ತು ಜನರಲ್ಲಿ ಆರು ಜನ ಕಣ್ಣು ಮುಚ್ಚಿರುತ್ತಾರೆ. ಬೇರೆ ಚಿತ್ರದಿಂದ ಅವರವರ ಕಣ್ಣು ತಂದು ಅವರವರಿಗೆ ಹಚ್ಚುತ್ತಿದ್ದ. ಫ್ಲ್ಯಾಶಿನಿಂದ ಕೆಂಪಾದ ಕಣ್ಣುಗಳಿಗೆ ಕಪ್ಪು ತುಂಬುತ್ತಿದ್ದ, ಎಷ್ಟೋ ಸಲ ಮುಖ ನೋಡದೆಯೇ. ಕೈ ಹಾಕುವ ಮೊದಲಿನ ಚಿತ್ರಕ್ಕೆ ಸ್ಟುಡಿಯೋದ ಯಜಮಾನರ ಭಾಷೆಯಲ್ಲಿ ಹಸಿ ಚಿತ್ರ ಎಂದು ಹೆಸರು. ಅದನ್ನು ಅಳಿಸಕೂಡದು, ಬೇರೆ ಫೋಲ್ಡರಿನಲ್ಲಿ ತಾರೀಖು ಹಾಕಿ ಇಡಬೇಕು ಎನ್ನುವುದು ಅಂಗಡಿಯ ಕಟ್ಟಳೆ. ಕ್ಯಾಮೆರಾ ಹಿಡಿಯುತ್ತಿದ್ದವನು ಕೆಲಸ ಬಿಟ್ಟ ಮೇಲೆ ಯಜಮಾನರು ಇವನನ್ನು ಕರೆದು, "ಸಾಕಿದ ನಾಯಿ ಬೆಕ್ಕು ಎತ್ಕೊಂಡು ಫೋಟೋಗೆ ಬರ್ತಿದ್ದಾರಪ್ಪ ಜನ. ಬೆಕ್ಕನ್ನ ತೆಗೆಯೋಕೆ ಬರೋವನಿಗೆ ಮನುಷ್ಯರು ಯಾವ ಲೆಕ್ಕ? ಹಳೇ ಕ್ಯಾಮೆರಾ ಮನೆಗೆ ತಗೊಂಡ್ ಹೋಗು. ನಿನ್ನ ಬೆಕ್ಕಿಂದು ಚೆನ್ನಾಗಿರೋದು ನಾಲ್ಕು ತಂದು ತೋರಿಸು. ಹಸಿ ಚಿತ್ರ ಆಗಿರಬೇಕು, ನೆನಪಿರಲಿ. ಕೈ ಹಾಕಿದ್ರೆ ನಂಗೆ ಗೊತ್ತಾಗುತ್ತೆ," ಎಂದಿದ್ದರು. ಅವರು ಅಂದು ಕೊಟ್ಟ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಮುಂದಿನ ಕೋಣೆ, ಎತ್ತರದ ಕಿಟಕಿ, ತನ್ನ ಮಾತಿಗೆ ಗದ್ದ ಎತ್ತುವ ಜನ. ಮೂರು ವಾರದಿಂದ ಅವನು ಇದನ್ನೇ ನೆನೆಸಿಕೊಂಡು ನಿದ್ದೆ ಮಾಡುತ್ತಿದ್ದ.

ಹನ್ನೊಂದು ಗಂಟೆಗೆ ಮುಂದಿನ ಕೋಣೆಯಲ್ಲಿ ಹೆಂಗಸಿನ ದನಿ ಏರಿತು. ಯಜಮಾನರು ಕರೆದರು. ಐವತ್ತು ದಾಟಿದ ಒಬ್ಬಾಕೆ ದೊಡ್ಡ ಚೌಕಟ್ಟಿನ ಫೋಟೋವನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ತೀರಿಕೊಂಡ ಗಂಡನದು, ಹಳೆಯ ಸಣ್ಣ ಚಿತ್ರ ಕೊಟ್ಟು ದೊಡ್ಡದು ಮಾಡಿಸಿದ್ದರು.

"ಇದರಲ್ಲಿ ನಮ್ಮೆಜಮಾನ್ರ ಮಚ್ಚೆ ಎಲ್ಲಿ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವರು ಚೌಕಟ್ಟು ತಿರುಗಿಸಿ, ಫೋಟೋದ ಎಡಗೆನ್ನೆಯ ಮೇಲೆ, ಕಿವಿಯ ಹತ್ತಿರ ಬೆರಳಿಟ್ಟರು. "ಇಲ್ಲಿತ್ತು. ಕಡಲೆಕಾಳಿನಷ್ಟು. ಮೂವತ್ತೊಂದು ವರ್ಷ ನೋಡಿದೀನಿ ನಾನು. ನೀವು ಯಾರು ಅದನ್ನ ತೆಗೆಯೋಕೆ?"

"ಅಮ್ಮಾ, ಅದು ಪ್ರಿಂಟಿನ ಚುಕ್ಕಿ ಅಂದ್ಕೊಂಡೆ... ಚೆನ್ನಾಗಿ ಕಾಣಲಿ ಅಂತ..."

"ಚೆನ್ನಾಗಿ ಕಾಣೋಕೆ ನಂಗೆ ಬೇರೆಯವರ ಗಂಡ ಬೇಕಾ?" ಎಂದರು ಆಕೆ. ಪಾಸ್‌ಪೋರ್ಟ್ ಫೋಟೋಕ್ಕೆ ಕಾದು ಕೂತಿದ್ದವರು ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕಾದವು. ಯಜಮಾನರು ಕ್ಷಮೆ ಕೇಳು ಎಂದು ಬಾಯಿಬಿಟ್ಟು ಹೇಳಲಿಲ್ಲ, ಬರೀ ಅವನನ್ನು ನೋಡಿದರು. ಅವನು ಕೈ ಜೋಡಿಸಿದ. ಒಳಗೆ ಹೋಗಿ ಹಸಿ ಚಿತ್ರ ತೆರೆದಾಗ ಮಚ್ಚೆ ಎಲ್ಲಿತ್ತೋ ಅಲ್ಲೇ ಇತ್ತು, ಯಾರಿಗೂ ಏನೂ ಆಗಿಲ್ಲವೆಂಬಂತೆ. ಇಷ್ಟು ಸ್ಪಷ್ಟವಾಗಿದ್ದದ್ದನ್ನು ಪ್ರಿಂಟಿನ ಚುಕ್ಕಿ ಎಂದುಕೊಂಡದ್ದು ಹೇಗೆ? ಅಂದುಕೊಳ್ಳಲೇ ಇಲ್ಲ, ಅದೇ ನಿಜ. ಕಣ್ಣು ಕಂಡಿತು, ಕೈ ಅಳಿಸಿತು, ನಡುವೆ ಅವನು ಇರಲೇ ಇಲ್ಲ. ಮಚ್ಚೆಯನ್ನು ಅದರ ಜಾಗಕ್ಕೆ ವಾಪಸು ತಂದ. ಹಸಿ ಎಂದು ಹೆಸರಿಟ್ಟ ಇನ್ನೊಂದು ಫೋಲ್ಡರು ಮನೆಯ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು ಅವನು ತುಂಬಿಸುತ್ತಿದ್ದ, ತೆರೆಯುತ್ತಿರಲಿಲ್ಲ.

ಮೇಷ್ಟ್ರು ಮನೆಗೆ ಬಂದದ್ದು ಲಾಂಡ್ರಿಯ ಬುಟ್ಟಿಯಲ್ಲಿ. ಯಾರೋ ಕೊಟ್ಟ ಹಾಸಿಗೆ ಹೊದಿಕೆಗಳ ನಡುವೆ ಮಲಗಿದ್ದ ಮರಿಯನ್ನು, ಯಾರೂ ಕೇಳಿಕೊಂಡು ಬರದಿದ್ದಾಗ, ಹೆಂಡತಿ ಬುಟ್ಟಿ ಸಮೇತ ತಂದಿದ್ದಳು. ಸಂಜೆಯಾಗಿತ್ತು, ಮನೆಯಲ್ಲಿ ಕರೆಂಟು ಇರಲಿಲ್ಲ, ಚುಕ್ಕಿ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಗ್ಗಿ ಹೀರೇಕಾಯಿಯಾಗಿದ್ದಳು. ಅವನು ಫೋನಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ. ಬೆಕ್ಕಿನ ಎರಡು ಕಣ್ಣೂ ಹಸಿರು. ಮಗಳ ಬಲಗಣ್ಣು ಕೆಂಪು. ಎಡಗಣ್ಣು ಬೆಳ್ಳಗೆ. ಹಾಲಿನ ಹನಿ ಬಿದ್ದ ಹಾಗೆ, ಪಾಪೆಯ ಜಾಗದಲ್ಲಿ ಮಂಕು ಬಿಳುಪು. ಹೆಂಡತಿ ಅವನ ಭುಜದ ಮೇಲಿಂದ ಬಗ್ಗಿ ನೋಡಿ, ಬೆರಳಿಟ್ಟು ಕೇಳಿದಳು: "ಇದೇನ್ರೀ ಇಲ್ಲಿ ಬೆಳ್ಳಗೆ?" ಅವನು ಕಸುಬಿನವನ ಗತ್ತಿನಲ್ಲಿ ಹೇಳಿದ್ದ: ಫ್ಲ್ಯಾಶು ಕಣೇ, ಕೋನ ಸರಿಯಿಲ್ಲದಿದ್ದರೆ ಹಾಗಾಗುತ್ತೆ, ದಿನಕ್ಕೆ ನೂರು ನೋಡ್ತೀನಿ. ಅವಳು "ನಿಮ್ಮ ಕೆಲಸ ನಿಮಗೆ ಗೊತ್ತು" ಎಂದು ಅಡುಗೆಮನೆಗೆ ಹೋದಳು. ದಿನಕ್ಕೆ ನೂರು ನೋಡುತ್ತಿದ್ದದ್ದು ಕೆಂಪು. ಬಿಳಿಯನ್ನು ಅವನು ಅದೇ ಮೊದಲು ನೋಡಿದ್ದು. ಹೇಳುವಾಗಲೇ ಇದು ಗೊತ್ತಿತ್ತೇ? ಗೊತ್ತಿತ್ತು, ಆದರೆ ಬಾಯಿ ಮುಂದೆ ಹೋಗಿಬಿಟ್ಟಿತ್ತು. ಮಾರನೆಯ ದಿನ ಅದನ್ನು ವಾಪಸು ಕರೆಯಲು ನಾಚಿಕೆಯಾಯಿತು. ಬಲಗಣ್ಣಿಗೆ ಕಪ್ಪು ತುಂಬಿ, ಅದನ್ನೇ ನಕಲು ಮಾಡಿ, ಕನ್ನಡಿಯಂತೆ ತಿರುಗಿಸಿ ಎಡಕ್ಕೆ ಹಚ್ಚಿದ. ಎಷ್ಟು ಚೆಂದ ಬಂತೆಂದರೆ ಹೆಂಡತಿ ಚೌಕಟ್ಟು ಹಾಕಿಸಿದಳು. ಆಮೇಲೆ ಮಗಳೂ ಬೆಕ್ಕೂ ಕೂಡಿದ ಎಷ್ಟೋ ಚಿತ್ರಗಳು. ಕೆಲವುಗಳಲ್ಲಿ ಬಿಳುಪು ಇತ್ತು, ಕೆಲವುಗಳಲ್ಲಿ ಇರಲಿಲ್ಲ, ಇಲ್ಲದಿದ್ದಾಗ ಅವನಿಗೆ ಹಬ್ಬ. ಇದ್ದಾಗ ಹಚ್ಚುವುದಕ್ಕೆ ಅನುಕೂಲವಾಗಲೆಂದು ಒಂದು ಒಳ್ಳೆಯ ಬಲಗಣ್ಣನ್ನು ಕತ್ತರಿಸಿ ಬೇರೆಯಾಗಿಯೇ ಇಟ್ಟುಕೊಂಡಿದ್ದ. ಕೊನೆಗೆ ಫ್ಲ್ಯಾಶನ್ನೇ ಬಿಟ್ಟ. ಬಿಳುಪು ಹೋಯಿತು. ಬೆಕ್ಕಿನ ಫೋಟೋಗಳು ನಿಜವಾಗಿಯೂ ಚೆನ್ನಾಗಿ ಬರತೊಡಗಿದವು.

ಒಂದು ಗಂಟೆಗೆ ಅಂಗಡಿ ಅರ್ಧ ಬಾಗಿಲು ಹಾಕಿದ ಮೇಲೆ ಯಜಮಾನರು ಕನ್ನಡಕ ಏರಿಸಿ ಅವನ ನಾಲ್ಕು ಚಿತ್ರ ನೋಡಿದರು. ಮೊದಲ ಮೂರರಲ್ಲಿ ಬರೀ ಬೆಕ್ಕು. "ಹ್ಞಾ," ಎಂದರು. "ನೆಲಕ್ಕೆ ಮಲಗಿದೀಯ. ಒಳ್ಳೇದು. ಮೀಸೆ ಒಂದೊಂದೂ ಎಣಿಸಬಹುದು." ಅವನ ಎದೆಯುಬ್ಬಿತು. ನಾಲ್ಕನೆಯದರಲ್ಲಿ ಚುಕ್ಕಿ ಇದ್ದಳು, ಬೆಕ್ಕಿನ ತಲೆಗೆ ಗದ್ದ ತಾಗಿಸಿಕೊಂಡು. ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ತರದೆ ಇರಲು ಆಗಿರಲಿಲ್ಲ. ಯಜಮಾನರು ಅದನ್ನು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು.

"ಮಗು ಮುಂದೆ ಎಷ್ಟು ಕಿಟಕಿ ಇತ್ತಪ್ಪ?"

"ಒಂದೇ ಸಾರ್."

"ಬಲಗಣ್ಣಲ್ಲಿ ಕಿಟಕಿ ಈ ಕಡೆ ಹೊಳೀತಿದೆ. ಎಡಗಣ್ಣಲ್ಲಿ ಆ ಕಡೆ. ಬೆಕ್ಕಿನ ಎರಡೂ ಕಣ್ಣಲ್ಲಿ ಒಂದೇ ಕಡೆ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬೆಕ್ಕಿಗೆ ಕೈ ಹಾಕಿಲ್ಲ. ಮಗೂಗೆ ಯಾಕೆ ಹಾಕ್ದೆ?"

ಕದ್ದು ಸಿಕ್ಕಿಬಿದ್ದವನಂತೆ ಅವನು ನಿಂತ. "ಆ ಕಣ್ಣು ಸ್ವಲ್ಪ ಆಚೆ ಸರಿದ ಹಾಗಿತ್ತು ಸಾರ್. ಅವಳು ಬೇರೆ ಎಲ್ಲೋ ನೋಡ್ತಿದ್ಲು."

"ಒಂದು ಕಣ್ಣಲ್ಲಿ ಬೇರೆ ಎಲ್ಲೋ ನೋಡ್ತಿದ್ಲಾ?"

ಅವನು ಅರ್ಧ ಹಾಕಿದ ಬಾಗಿಲಿನ ಕಡೆ ನೋಡಿದ. ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಚಲಿಸುವ ಸದ್ದು ಬಹಳ ಹೊತ್ತು ಕೇಳಿಸಿತು. "ಮುಂಚೆ ಫ್ಲ್ಯಾಶಲ್ಲಿ ತೆಗೀತಿದ್ದಾಗ," ಎಂದ, ಯಾರೋ ಕತ್ತು ಹಿಡಿದು ಹೇಳಿಸಿದ ಹಾಗೆ, "ಅದೇ ಕಣ್ಣು... ಕೆಂಪಾಗ್ತಿರ್ಲಿಲ್ಲ. ಬೆಳ್ಳಗೆ ಬರ್ತಿತ್ತು."

ಯಜಮಾನರು ಕನ್ನಡಕ ತೆಗೆದರು. ಬೈಯುತ್ತಾರೆ ಎಂದು ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಕೆಂಪು ಬಂದ್ರೆ ನಮ್ಮ ಕೆಲಸ," ಎಂದರು ಮೆಲ್ಲಗೆ. "ಬಿಳಿ ಬಂದ್ರೆ ಡಾಕ್ಟ್ರ ಕೆಲಸ. ಇದನ್ನ ನಾನು ನಿಂಗೆ ಹೇಳಿಕೊಟ್ಟಿರಲಿಲ್ವಾ? ಹೇಳಿಕೊಟ್ಟಿರಲಿಲ್ಲ ಅನ್ಸುತ್ತೆ. ಮನೆಗೆ ಹೋಗು. ಈಗ್ಲೇ ಹೋಗು." ಕ್ಯಾಮೆರಾದ ವಿಷಯ ಅವರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದಾಗ ಕೊರಳಲ್ಲಿ ಅದು ನೇತಾಡುತ್ತಿರುವುದು ಗೊತ್ತಾಯಿತು.

ಬೀದಿಯಲ್ಲಿ ಎಲ್ಲರಿಗೂ ಎರಡೆರಡು ಕಣ್ಣಿದ್ದವು. ಹಣ್ಣಿನ ಅಂಗಡಿಯವನು, ಚಪ್ಪಲಿ ಹೊಲಿಯುವವನು, ಬಸ್ಸಿನ ಕಿಟಕಿಗೆ ಮೂಗು ಒತ್ತಿದ್ದ ಮಗು, ಜಾಹೀರಾತಿನ ಹಲಗೆಯಲ್ಲಿ ನಗುತ್ತಿದ್ದ ಹೆಂಗಸು. ಆ ಹೆಂಗಸಿನ ಕಣ್ಣಿಗೆ ಯಾರೋ ಕೈ ಹಾಕಿದ್ದಾರೆಂದು ಅವನಿಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು. ಯಜಮಾನರಿಗೆ ವಯಸ್ಸಾಯಿತು, ಎಲ್ಲದಕ್ಕೂ ಡಾಕ್ಟರು ಎನ್ನುತ್ತಾರೆ ಎಂದುಕೊಂಡ. ಕನ್ನಡಕ ಕೊಟ್ಟರೆ ಸರಿಹೋಗುತ್ತದೆ ಎಂದುಕೊಂಡ. ಚಿಕ್ಕ ಕನ್ನಡಕ ಹಾಕಿದ ಚುಕ್ಕಿಯ ಪಕ್ಕದಲ್ಲಿ ಮೇಷ್ಟ್ರು, ಆ ಫೋಟೋ ಎಷ್ಟು ಚೆನ್ನಾಗಿರುತ್ತದೆ ಎಂದು ಕೂಡ ಒಂದು ಕ್ಷಣ ಯೋಚಿಸಿದ, ತನ್ನ ಮೇಲೇ ಹೇಸಿಗೆಯಾಯಿತು. ಬಾಗಿಲ ಚೌಕಟ್ಟು. ಎಡ ಭುಜ. ಬೆಳಿಗ್ಗೆಯ ಹಾಲು. ಪುಕ್ಕಲಿ ಎಂದಿದ್ದ ಅವಳನ್ನು. ಕಾಣದ ಕಡೆಯಿಂದ ಮೈಗೆ ಏನೋ ತಾಗಿದರೆ ಅವನೇ ಕಿರುಚುತ್ತಿದ್ದ.

ಮನೆಯಲ್ಲಿ ಊಟದ ತಟ್ಟೆಗಳನ್ನು ತೊಳೆದು ಬೋರಲು ಹಾಕಿತ್ತು. ಶನಿವಾರ ಹೆಂಡತಿಗೂ ಅರ್ಧ ದಿನ. ಅವಳು ಬಟ್ಟೆ ಮಡಚುತ್ತಾ ಕೂತಿದ್ದಳು. "ಏನಂದ್ರು? ಕ್ಯಾಮೆರಾ ಕೆಲಸ ಸಿಕ್ತಾ?" ಎಂದಳು. ಅವನು ಕೊರಳಿನದನ್ನು ತೋರಿಸಿದ. ಅವಳು ಅದನ್ನೇ ಉತ್ತರವೆಂದುಕೊಂಡು ಹೂವಿನ ಹಾಗೆ ಅರಳಿದಳು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಚುಕ್ಕಿ ಓಡಿಬಂದು ಕ್ಯಾಮೆರಾದ ಪಟ್ಟಿ ಹಿಡಿದು ಜಗ್ಗಿದಳು. "ಅಪ್ಪಾ, ಇವತ್ತು ನಾನು ತೆಗೀತೀನಿ! ಮೇಷ್ಟ್ರದ್ದು ನಾನು!"

ಮೇಷ್ಟ್ರು ಕಿಟಕಿಯ ಕೆಳಗೆ ಇದ್ದರು. ಮೂರು ವಾರ ಅವನನ್ನು ಆಡಿಸಿದ ಬೆಕ್ಕು ಈಗ ಬೆಳಕಿನ ನಟ್ಟನಡುವೆ, ಮುಂಗಾಲು ಜೋಡಿಸಿ, ಕತ್ತು ನೀಳವಾಗಿಸಿ, ಎರಡು ಕಣ್ಣನ್ನೂ ಪೂರಾ ತೆರೆದು ಅವರ ಕಡೆಗೇ ನೋಡುತ್ತಾ ಕೂತಿತ್ತು. ಅವನು ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟು, ಭಾರ ತಾನು ಹಿಡಿದುಕೊಂಡು, ಅವಳ ಹಿಂದೆ ಮಂಡಿಯೂರಿದ. ಅವಳು ಅಪ್ಪನ ಹಾಗೆಯೇ ಒಂದು ಕಣ್ಣು ಮುಚ್ಚಲು ಹೋದಳು, ಬರಲಿಲ್ಲ, ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ಬಲಗಣ್ಣನ್ನು ಕಿಂಡಿಗೆ ಒತ್ತಿದಳು. "ಕಾಣ್ತಾರೆ! ಮೇಷ್ಟ್ರು ಇಷ್ಟು ದೊಡ್ಡಕ್ಕೆ ಕಾಣ್ತಾರೆ!"

"ಜಾಣೆ," ಎಂದ. "ಈಗ ಆ ಕಣ್ಣಲ್ಲ ಪುಟ್ಟಾ. ಈ ಕಣ್ಣು ಮುಚ್ಕೋ. ಇದರಲ್ಲಿ ನೋಡು."

ಅವಳು ಕೈ ಬದಲಾಯಿಸಿದಳು. ಬಲಗಣ್ಣು ಅಂಗೈಯ ಹಿಂದೆ ಹೋಯಿತು. ಎಡಗಣ್ಣನ್ನು ಕಿಂಡಿಗೆ ಒತ್ತಿದಳು, ತೆಗೆದಳು, ಮತ್ತೆ ಒತ್ತಿದಳು. ಆಮೇಲೆ ಕ್ಯಾಮೆರಾದಿಂದ ಮುಖ ಎತ್ತಿ, ಬಲಗಣ್ಣು ಮುಚ್ಚಿಕೊಂಡೇ ಅವನ ಕಡೆ ತಿರುಗಿದಳು. ಮುಖದಲ್ಲಿ ತುಂಟತನದ ನಗು, ಆಟದಲ್ಲಿ ಮೋಸ ಮಾಡಿದವನನ್ನು ಹಿಡಿದ ಹಾಗೆ.

"ಯಾಕಪ್ಪಾ ಲೈಟ್ ಆಫ್ ಮಾಡ್ದೆ?"

ಮಧ್ಯಾಹ್ನದ ಬಿಸಿಲು ಅವಳ ಮುಖದ ಮೇಲೇ ಇತ್ತು. ಹೆಂಡತಿಯ ಕೈಯಲ್ಲಿ ಅರ್ಧ ಮಡಚಿದ ದುಪ್ಪಟ ಹಾಗೇ ನಿಂತಿತು. "ಏನಂದ್ಳು?" ಎಂದಳು. ಎದ್ದು ಬಂದು, ಮಗಳ ಮುಂದೆ ಕೂತು, ಅವಳ ಬಲಗಣ್ಣಿನ ಮೇಲಿನ ಪುಟ್ಟ ಕೈಯ ಮೇಲೆ ತನ್ನ ಕೈ ಇಟ್ಟು, "ಚುಕ್ಕೀ, ಅಮ್ಮ ಎಷ್ಟು ಬೆರಳು ತೋರಿಸ್ತಿದೀನಿ ಹೇಳು," ಎಂದಳು. "ಕತ್ತಲೆ ಅಮ್ಮ, ಲೈಟ್ ಹಾಕು ಮೊದಲು," ಎಂದಳು ಚುಕ್ಕಿ.

ಕಣ್ಣಾಸ್ಪತ್ರೆಗೆ ಫೋನ್ ಮಾಡಿದವನು ಅವನೇ. ಹೆಂಡತಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದ. ಆ ಕಡೆಯ ಹೆಣ್ಣುದನಿ ವಯಸ್ಸು ಕೇಳಿತು, ಯಾವ ಕಣ್ಣು ಕೇಳಿತು, ಆಮೇಲೆ, "ಯಾವಾಗಿಂದ ಹೀಗಿದೆ?" ಎಂದಿತು.

"ಈಗ, ಈಗಷ್ಟೇ ಗೊತ್ತಾಗಿದ್ದು ಮೇಡಂ," ಎಂದಳು ಹೆಂಡತಿ, ಫೋನಿಗೆ ಬಗ್ಗಿ, ಅಳು ತಡೆದುಕೊಂಡು. "ಐದು ನಿಮಿಷ ಆಗಿಲ್ಲ."

"ಎಂಟು ತಿಂಗಳು," ಎಂದ ಅವನು. "ಎಂಟು ತಿಂಗಳು, ಹನ್ನೊಂದು ದಿನ. ಫೋಟೋದಲ್ಲಿ ಬೆಳ್ಳಗೆ ಬರ್ತಿತ್ತು."

ಆ ದನಿ ಅವಸರಕ್ಕೆ ತಿರುಗಿತು. ಸೋಮವಾರದ ತನಕ ಕಾಯಬೇಡಿ, ಈಗಲೇ ಕರೆದುಕೊಂಡು ಬನ್ನಿ, ನಾಲ್ಕು ಗಂಟೆಯವರೆಗೆ ಡಾಕ್ಟರು ಇರುತ್ತಾರೆ, ಆ ಹಳೆಯ ಫೋಟೋಗಳಿದ್ದರೆ ತನ್ನಿ, ಎಂದಿತು. ಫೋನ್ ಇಟ್ಟ ಮೇಲೆ ಹೆಂಡತಿ ಅವನನ್ನು ನೋಡಲಿಲ್ಲ. ಗೋಡೆಯ ಬಳಿ ಹೋಗಿ ಚೌಕಟ್ಟು ಹಾಕಿಸಿದ ಚಿತ್ರಗಳನ್ನು ಒಂದೊಂದಾಗಿ ಮೊಳೆಯಿಂದ ಇಳಿಸತೊಡಗಿದಳು. ಎಲ್ಲದರಲ್ಲೂ ಚುಕ್ಕಿ, ಎಲ್ಲದರಲ್ಲೂ ಮೇಷ್ಟ್ರು, ಎಲ್ಲದರಲ್ಲೂ ಎರಡು ಕಪ್ಪು ಕಣ್ಣು.

"ಅವು ಬೇಡ," ಎಂದ.

"ಫೋಟೋ ತನ್ನಿ ಅಂದ್ರಲ್ಲ."

"ಅವು ಬೇಡ ಕಣೇ."

ಅವಳು ಚೌಕಟ್ಟುಗಳನ್ನು ಎದೆಗೆ ಅವುಚಿಕೊಂಡೇ ತಿರುಗಿದಳು. "ಎಂಟು ತಿಂಗಳು ಅಂತ ನಿಮಗೆ ಹೇಗೆ ಗೊತ್ತು?"

ಅವನು ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟ. ಫೋಲ್ಡರು ತೆರೆದ. ತಾರೀಖಿನ ಪ್ರಕಾರ ಮೊದಲಿನದು ಮೊದಲು ಬಂತು: ಕರೆಂಟಿಲ್ಲದ ಕೋಣೆ, ಲಾಂಡ್ರಿಯ ಬುಟ್ಟಿ, ಹಸಿರು ಕಣ್ಣಿನ ಮರಿ, ಅದನ್ನು ಅಪ್ಪಿಕೊಂಡು ಹಲ್ಲೆಲ್ಲಾ ತೋರಿಸಿ ನಗುತ್ತಿರುವ ಮಗಳು. ಕಿಟಕಿಯ ಕೆಳಗೆ ಕ್ಯಾಮೆರಾವನ್ನು ನೆಲಕ್ಕೆ ಇಟ್ಟುಕೊಂಡು ಚುಕ್ಕಿ, "ಅಪ್ಪಾ, ಬೇಗ ಬಾ, ಮೇಷ್ಟ್ರು ಅಲ್ಲಾಡ್ತಾನೇ ಇಲ್ಲ," ಎಂದು ಕೂಗುತ್ತಿದ್ದಳು. ಹೆಂಡತಿ ಚೌಕಟ್ಟುಗಳನ್ನು ಕುರ್ಚಿಯ ಮೇಲೆ ಇಟ್ಟಳು. ಪರದೆಗೆ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಕೌಂಟರಿನಲ್ಲಿ ಇಡುವಂತೆಯೇ, ಆ ಬಿಳಿಯ ಮೇಲೆ ಬೆರಳಿಟ್ಟಳು.

"ಇದನ್ನ ನಾನು ಅವತ್ತೇ ಕೇಳಿದ್ದೆ," ಎಂದಳು.